ಕೈಗೆ ಕೆಲಸ, ಕಿವಿಗೆ ಇಂಗ್ಲಿಷ್

ಮೂಡುಬಿದಿರೆಯ ನಮ್ಮ ಕಾಲೇಜಿಗೆ ಪ್ರತಿವರ್ಷ ಫೆಬ್ರುವರಿ ಹೊತ್ತಿಗೆ ಮಂಗಳೂರಿನ ಆಸ್ಪತ್ರೆಯೊಂದರಿಂದ ಪತ್ರ ಬರುತ್ತದೆ. ಅವರ ಫೋನ್ ವಿಭಾಗಕ್ಕೆ ಪದವಿ ಮುಗಿಸುತ್ತಿರುವ ಕೆಲವರು ಬೇಕಾಗಿರುತ್ತಾರೆ. ಆಯ್ಕೆಗೆ ಮೂರು ಸುತ್ತು. ಬರೆಯುವ ಸುತ್ತಿನಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಯಾರಿಗೂ ಕಡಿಮೆಯಿಲ್ಲ. ಮಾತಿನ ಸುತ್ತನ್ನು ಹೇಗೋ ದಾಟಿಬಿಡುತ್ತಾರೆ. ಮೂರನೆಯದು ಕೇಳುವ ಸುತ್ತು. ರೋಗಿಯೊಬ್ಬರು ಇಂಗ್ಲಿಷಿನಲ್ಲಿ ಮಾಡಿದ ಕರೆಯ ರೆಕಾರ್ಡಿಂಗನ್ನು ಒಂದೇ ಸಲ ಕೇಳಿಸುತ್ತಾರೆ, ಕೇಳಿದ್ದನ್ನು ಒಂದು ಫಾರ್ಮಿನಲ್ಲಿ ತುಂಬಿಸಬೇಕು. ಹಿಂದಿನ ವರ್ಷ ಅಲ್ಲಿಗೆ ಹೋದ ನಮ್ಮವರು ಒಬ್ಬರೂ ಈ ಸುತ್ತು ದಾಟಲಿಲ್ಲ. ಅವರಿಗೆ ಇಂಗ್ಲಿಷ್ ಕಲಿಸಿದವಳು ನಾನೇ ಆದ್ದರಿಂದ ಆ ಅವಮಾನದಲ್ಲಿ ದೊಡ್ಡ ಪಾಲು ನನ್ನದಾಗಿತ್ತು.

ನಾನಿರುವುದು ಬಂಟ್ವಾಳದಲ್ಲಿ. ಸಿದ್ಧಕಟ್ಟೆಯ ಮಾರ್ಗವಾಗಿ ಬರುವ ಬಸ್ಸಿನಲ್ಲಿ ದಿನಾ ಮೂಡುಬಿದಿರೆಗೆ ಬರುತ್ತೇನೆ. ಆ ದಾರಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಡ್‌ಕಾಸ್ಟ್ ಕೇಳುವುದು ನನ್ನ ಹಳೆಯ ಅಭ್ಯಾಸ. ಬೇಕಾದಾಗ ಹಾಕಿಕೊಂಡು, ಬೇಡವಾದಾಗ ನಿಲ್ಲಿಸಬಹುದಾದ ರೇಡಿಯೋ ಅದು. ಜನ ತಮ್ಮ ತಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವ ಒಂದು ಸರಣಿ ನನಗೆ ಬಹಳ ಇಷ್ಟವಾಗಿತ್ತು. ಬೇಕರಿಯವಳು, ಬಸ್ ಚಾಲಕ, ಗಡಿಯಾರ ರಿಪೇರಿ ಮಾಡುವವನು, ಹೀಗೆ ವಾರಕ್ಕೊಬ್ಬರು. ಇದನ್ನೇ ಮಕ್ಕಳಿಗೆ ಕೇಳಿಸಿದರೆ ಹೇಗೆ ಎಂದು ಒಂದು ದಿನ ಬಸ್ಸಿನಲ್ಲೇ ಹೊಳೆಯಿತು. ಆಗಸ್ಟಿನಲ್ಲಿ ಕೊನೆಯ ವರ್ಷದ ಬಿ.ಕಾಂ.ನ ಮೂವತ್ತೊಂದು ಮಕ್ಕಳಿಗೆ ವಾರಕ್ಕೆ ಮೂರು ದಿನ, ಕೊನೆಯ ಪೀರಿಯಡ್ಡಿನಲ್ಲಿ ಕೇಳುವ ತರಗತಿ ಶುರುಮಾಡಿದೆ. ಮೊದಲ ದಿನವೇ ಗೋಡೆಗೆ ದಪ್ಪ ಅಕ್ಷರದ ಒಂದು ಹಾಳೆ ಅಂಟಿಸಿದೆ: ಇಲ್ಲಿ ಇಂಗ್ಲಿಷ್ ಮಾತ್ರ.

ಆ ದಿನ ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಬೆಳ್ತಂಗಡಿ ತಾಲೂಕಿನ ವೇಣೂರಿನ ಆಚೆಯಿಂದ ಬರುವವಳು. ಮೆತ್ತಗಿನ ಸ್ವರ. ಹಾಜರಿ ಕರೆದಾಗಲೂ ಕೇಳಿಸುತ್ತಿರಲಿಲ್ಲ.

"ಮೇಡಂ, ಇದನ್ನು ಕಲಿತರೆ ಆಸ್ಪತ್ರೆಯವರ ಪರೀಕ್ಷೆ ಪಾಸಾಗ್ತದಾ?"

"ಯಾಕೆ, ಅಷ್ಟು ಅವಸರ?"

"ಕೆಲಸ ಸಿಗದಿದ್ರೆ ಕಾಲೇಜು ಮುಗಿದ ಕೂಡಲೇ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದು ಅಂತ ಮನೆಯಲ್ಲಿ ಮಾತಾಗಿದೆ. ಮಾವ ಅಲ್ಲಿ ಹೇಳಿಟ್ಟಿದ್ದಾರೆ. ನನಗೆ ಫೋನಿನ ಕೆಲಸವೇ ಬೇಕು ಮೇಡಂ."

ಪಾಸಾಗುತ್ತದೆ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ಬಸ್ಸಿನ ದಾರಿಯುದ್ದಕ್ಕೂ ಪಾಡ್‌ಕಾಸ್ಟ್ ಹಾಕುವುದೇ ಮರೆತುಹೋಯಿತು.

ತಯಾರಿಯೇನೋ ಜೋರಾಗಿಯೇ ಮಾಡಿದೆ. ಒಂದೊಂದು ಕಂತು ಮುಕ್ಕಾಲು ಗಂಟೆಯಷ್ಟು ಉದ್ದ. ಅದರಲ್ಲಿ ನಾಲ್ಕು ನಿಮಿಷದ ತುಂಡನ್ನು ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ, ಮುಂದಿನ ಹಿಂದಿನ ಸಂಗೀತ ತೆಗೆದು, ಫೈಲನ್ನು ಆದಷ್ಟು ಸಣ್ಣದು ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಸಣ್ಣದು ಮಾಡದಿದ್ದರೆ ಅರ್ಧ ಮಕ್ಕಳ ಮನೆಯಲ್ಲಿ ಅದು ಇಳಿಯುವುದೇ ಇಲ್ಲ. ಒಬ್ಬನಂತೂ ನೆಟ್‌ವರ್ಕಿಗಾಗಿ ರಬ್ಬರ್ ತೋಟದ ಮೇಲಿನ ಎತ್ತರದ ದರೆ ಹತ್ತಬೇಕಿತ್ತು. ಅಂಥವರು ಕಾಲೇಜಿನಲ್ಲೇ ಇಳಿಸಿಕೊಂಡು ಹೋಗುತ್ತಿದ್ದರು. ತರಗತಿಯಲ್ಲಿ ಒಂದು ಸ್ಪೀಕರ್ ಇಟ್ಟು ಮೂರು ಸಲ ಕೇಳಿಸುವುದು, ಫ್ಯಾನ್ ಆರಿಸುವುದು, ರಸ್ತೆ ಕಡೆಯ ಕಿಟಕಿ ಮುಚ್ಚುವುದು, ಆಮೇಲೆ ಹತ್ತು ಪ್ರಶ್ನೆ.

ಮೊದಲ ವಾರ ಯಾರಿಗೂ ಏನೂ ತಿಳಿಯಲಿಲ್ಲ. ವೇಗ ಹೆಚ್ಚಾಯಿತೆಂದು ಮೊಬೈಲಿನಲ್ಲೇ ನಿಧಾನ ಮಾಡಿ ಹಾಕಿದೆ. ಬೇಕರಿಯವಳ ಮಾತು ಎಳೆದು ಎಳೆದು ಬರತೊಡಗಿತು. ಹಿಂದಿನ ಬೆಂಚಿನವನೊಬ್ಬ ಬಹಳ ಗಂಭೀರವಾಗಿ ಎದ್ದು ನಿಂತ.

"ಮೇಡಂ, ಇವರು ಬೆಳಿಗ್ಗೆಯೇ ಎಣ್ಣೆ ಹಾಕಿದ್ದಾರಾ?"

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಗೋಡೆಯ ಹಾಳೆಯ ಕಡೆ ಬೆರಳು ತೋರಿಸಿದೆ. ಅವನು ಅದನ್ನೇ ಇಂಗ್ಲಿಷಿನಲ್ಲಿ ಕೇಳಲು ಹೊರಟು ಅರ್ಧಕ್ಕೇ ನಿಂತ. ಅಲ್ಲಿಗೆ ನಗುವೂ ನಿಂತಿತು, ತರಗತಿಯೂ ನಿಂತಿತು. ಮರುದಿನದಿಂದ ಮಾಮೂಲಿ ವೇಗಕ್ಕೇ ಮರಳಿದೆ.

ಮೂರನೆಯ ಕಂತಿನಿಂದ ಪವಾಡ ಶುರುವಾಯಿತು. ಹತ್ತರಲ್ಲಿ ಎರಡು ಮೂರು ತೆಗೆಯುತ್ತಿದ್ದವರು ಏಳೆಂಟು ತೆಗೆಯತೊಡಗಿದರು. ಐದನೆಯ ಕಂತಿಗೆ ಒಂಬತ್ತು, ಹತ್ತು. ನಾನು ಸ್ಟಾಫ್ ರೂಮಿನಲ್ಲಿ ಬೀಗಿದ್ದೇ ಬೀಗಿದ್ದು. ಬೇರೆ ವಿಭಾಗದ ಅಧ್ಯಾಪಕರಿಗೆ ಕೇಳದೆಯೇ ಸಲಹೆ ಕೊಡುವ ಮಟ್ಟಕ್ಕೂ ಹೋದೆ. ವೇಣೂರಿನ ಹುಡುಗಿ ಮಾತ್ರ ಐದಾರರಲ್ಲೇ ಇದ್ದಳು. ಪಾಪ, ಇವಳಿಗೇ ಹಿಡಿತ ಸಿಗುತ್ತಿಲ್ಲವಲ್ಲ ಎಂದು ಅವಳನ್ನು ಎರಡು ಸಲ ಕರೆದು ಬುದ್ಧಿಯನ್ನೂ ಹೇಳಿದೆ.

ಆರನೆಯ ಕಂತಿನ ದಿನ ನನ್ನಿಂದ ಒಂದು ತಪ್ಪಾಯಿತು. ಆರನೆಯದು ಗಡಿಯಾರ ರಿಪೇರಿಯವನದು, ಏಳನೆಯದು ಬಸ್ ಚಾಲಕನದು. ನಾನು ಗಡಿಬಿಡಿಯಲ್ಲಿ ಏಳನೆಯ ಫೈಲನ್ನು ಒತ್ತಿದೆ. ಅದನ್ನು ನಾನಿನ್ನೂ ಗುಂಪಿಗೆ ಹಾಕಿರಲಿಲ್ಲ. ಸ್ಪೀಕರನ್ನು ಮಕ್ಕಳ ಮಧ್ಯೆ ಇಟ್ಟು ನಾನು ಬಾಗಿಲ ಹೊರಗೆ ಕಚೇರಿಯ ಗುಮಾಸ್ತರ ಜೊತೆ ಮಾತಾಡುತ್ತಿದ್ದೆ, ಹಾಗಾಗಿ ಗೊತ್ತೇ ಆಗಲಿಲ್ಲ. ಪ್ರಶ್ನೆಗಳು ಎಲ್ಲ ಕಂತಿಗೂ ಹೊಂದುವಂಥವು. ಮಾತಾಡುವವರು ಯಾರು, ಕೆಲಸ ಹೇಗೆ ಶುರುವಾಯಿತು, ಕಷ್ಟ ಯಾವುದು, ಖುಷಿ ಯಾವುದು, ಇಂಥವು. ಮೂರು ಸಲ ಬಸ್ ಚಾಲಕ ಮಾತಾಡಿದ. ಮೂವತ್ತು ಮಕ್ಕಳು ತಲೆ ಬಗ್ಗಿಸಿ ಗಡಿಯಾರದ ಬಗ್ಗೆ ಬರೆದರು.

ಮನೆಗೆ ಹೋಗುವ ಬಸ್ಸಿನಲ್ಲಿ ತಿದ್ದುತ್ತಾ ಕೂತಿದ್ದೆ. ಎಲ್ಲರಿಗೂ ಹತ್ತಕ್ಕೆ ಹತ್ತು. ಕೊನೆಯ ಹಾಳೆ ವೇಣೂರಿನ ಹುಡುಗಿಯದು. ಅದರಲ್ಲಿ ಬಸ್ಸಿನ ಗಿಯರ್, ಪ್ರಯಾಣಿಕರು, ತಿರುವಿನಲ್ಲಿ ಸಿಕ್ಕಿದ ಮಂಜು ಎಂದೆಲ್ಲ ಬರೆದು, ಅದಕ್ಕೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗಡಿಯಾರ ಎಂದು ಬರೆದಿದ್ದಳು. ಮಂಜು ಎಲ್ಲಿಂದ ಬಂತಪ್ಪ ಎಂದು ಮೊಬೈಲ್ ತೆಗೆದು ನೋಡಿದೆ. ಕೇಳಿಸಿದ್ದು ಏಳನೆಯ ಫೈಲು. ಸಿದ್ಧಕಟ್ಟೆ ಬಂದಾಗ ನನ್ನ ಮುಖ ನೋಡಿ ಕಂಡಕ್ಟರ್ "ಹುಷಾರಿಲ್ವಾ ಮೇಡಂ?" ಎಂದು ಕೇಳಿದರು.

ಮರುದಿನ ತರಗತಿಯಲ್ಲಿ ಸ್ವಲ್ಪ ಗದರಿಸಿದೆ. ಸತ್ಯ ಹೊರಬಂತು. ಮೊದಲ ಬೆಂಚಿನ ನಾಲ್ವರು ಗುಂಪಿಗೆ ಬಂದ ಫೈಲನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ಅಕ್ಷರ ಬಿಡದೆ ಬರೆದು, ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿದ್ದರು. ಅಂಗಡಿಯವರು ಅದಕ್ಕೆ ಪಿನ್ನು ಹೊಡೆದು, ಮೇಲೆ 'ಪಾಡ್‌ಕಾಸ್ಟ್ ಗೈಡ್' ಎಂದು ಟೈಪ್ ಮಾಡಿಸಿ ಮಾರಾಟಕ್ಕೆ ಇಟ್ಟಿದ್ದರು. ಎಲ್ಲರೂ ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಕೇಳುವ ಪರೀಕ್ಷೆಯಲ್ಲಿ ಯಾರೂ ಕೇಳುತ್ತಲೇ ಇರಲಿಲ್ಲ! ನಾನು ಅಂಗಡಿಗೆ ಹೋಗಿ ಒಂದು ಗೈಡ್ ತೆಗೆದು ನೋಡಿದೆ. ಒಂದೇ ಒಂದು ತಪ್ಪಿರಲಿಲ್ಲ, ನಾಲ್ವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬಂತು. ಒಂದನೆಯ ತರಗತಿಯಿಂದ ಡಿಗ್ರಿಯವರೆಗೆ ಬರೆ, ಬಾಯಿಪಾಠ ಮಾಡು, ಒಪ್ಪಿಸು ಎಂದು ಕಲಿಸಿದ್ದು ನಾವೇ ತಾನೇ.

ನನ್ನ ನಿದ್ದೆಗೆಡಿಸಿದ್ದು ಆ ಅಡ್ಡಗೆರೆ ಹೊಡೆದ ಹಾಳೆ. ಹುಡುಗಿಯನ್ನು ಕರೆದೆ.

"ನೀನು ಗೈಡ್ ತಗೊಂಡಿಲ್ವಾ?"

"ತಗೊಂಡಿದ್ದೇನೆ ಮೇಡಂ. ಓದ್ಲಿಕ್ಕೆ ಆಗುವುದಿಲ್ಲ. ಸಂಜೆ ಅಮ್ಮನ ಜೊತೆ ಬೀಡಿ ಕಟ್ಲಿಕ್ಕೆ ಕೂತ್ಕೊಳ್ತೇನೆ. ಕೈ ಖಾಲಿ ಇರುವುದಿಲ್ಲ. ಹಾಗೆ ಮೊಬೈಲ್ ಹಾಕಿ ಇಡುವುದು."

"ಮತ್ತೆ ಬರೆದದ್ದನ್ನು ಹೊಡೆದು ಹಾಕಿದ್ದು ಯಾಕೆ?"

"ಎಲ್ಲರೂ ಗಡಿಯಾರ ಅಂತ ಬರೀತಾ ಇದ್ರು. ನನ್ನ ಕಿವಿಯೇ ಸರಿ ಇಲ್ಲ ಅಂತ ಗ್ರಹಿಸಿದೆ."

ಸರಿಯಾಗಿ ಕೇಳಿಸಿಕೊಂಡ ಒಬ್ಬಳೇ ಒಬ್ಬಳಿಗೆ ನಾನು ಬುದ್ಧಿ ಹೇಳುತ್ತಾ ಬಂದಿದ್ದೆ. ಆ ಶನಿವಾರ ಮಧ್ಯಾಹ್ನ, ಅವಳು ಹೇಗೆ ಕೇಳುತ್ತಾಳೆ ಎಂದು ಕಣ್ಣಾರೆ ನೋಡಲು ಅವಳ ಮನೆಗೇ ಹೋದೆ.

ಜಗುಲಿಯಲ್ಲಿ ತಾಯಿ ಮಗಳು ಎದುರುಬದುರು ಕೂತಿದ್ದರು. ತಾಯಿಯ ಮಡಿಲಲ್ಲಿ ಮೊರದಂಥ ಗೆರಸೆ, ಅದರಲ್ಲಿ ಒದ್ದೆ ಮಾಡಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಎಲೆಗೆ ಪುಡಿ ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಸುತ್ತುವ ಅವರ ಬೆರಳುಗಳನ್ನು ಅವರು ನೋಡುತ್ತಲೇ ಇರಲಿಲ್ಲ. ನಾನು ಹಾಗೇ ಕೆಲಸ ಮುಂದುವರಿಸಿ ಎಂದೆ. ಹುಡುಗಿ ಗುಂಪಿಗೆ ಹೊಸದಾಗಿ ಹಾಕಿದ್ದ ತುಂಡೊಂದನ್ನು ಹಚ್ಚಿದಳು. ಸಮುದ್ರದ ದೀಪಸ್ತಂಭ ನೋಡಿಕೊಳ್ಳುವ ಹೆಂಗಸಿನ ಮಾತು. ಅರ್ಧ ನಿಮಿಷ ಆಗುವಷ್ಟರಲ್ಲಿ ತಾಯಿ, "ಬೊಕ್ಕ?" ಎಂದರು. ಆಮೇಲೆ ಏನಂತೆ ಎಂದು. ಹುಡುಗಿ ನಿಲ್ಲಿಸಿ, ಕೇಳಿದ್ದನ್ನು ತುಳುವಿನಲ್ಲಿ ಹೇಳಿದಳು. ಮತ್ತೆ ಹಾಕಿದಳು. ಮತ್ತೆ "ಬೊಕ್ಕ?" ತಾಯಿ ಬಿಡುವವರಲ್ಲ. ಆ ಹೆಂಗಸಿಗೆ ಮಕ್ಕಳಿದ್ದಾರಾ, ಅಷ್ಟು ಮೆಟ್ಟಿಲು ಹತ್ತುವಾಗ ಮಂಡಿ ನೋಯುವುದಿಲ್ಲವಾ, ಒಬ್ಬಳೇ ಇರುವುದು ಅಭ್ಯಾಸವಾಗಿದೆ ಎಂದಳಲ್ಲ, ಅದನ್ನು ಹೇಳುವಾಗ ನಗಾಡುತ್ತಿದ್ದಳಾ ಅಥವಾ ಸುಮ್ಮನೆ ಹೇಳಿದಳಾ? ಹುಡುಗಿಗೆ ಉತ್ತರ ಗೊತ್ತಿಲ್ಲದಾಗ ಹಿಂದೆ ಹೋಗಿ ಪುನಃ ಕೇಳುತ್ತಿದ್ದಳು. ಕಾಲೇಜಿನಲ್ಲಿ ಹಾಜರಿಗೂ ಕೇಳಿಸದ ಅವಳ ಸ್ವರ ಇಲ್ಲಿ ಅಂಗಳದವರೆಗೆ ಕೇಳಿಸುತ್ತಿತ್ತು.

"ನಿಮಗೆ ಇದೆಲ್ಲ ಕೇಳಿ ಬೇಜಾರಾಗುವುದಿಲ್ವಾ?" ಎಂದು ತಾಯಿಯನ್ನು ಕೇಳಿದೆ.

"ಇಪ್ಪತ್ತು ವರ್ಷದಿಂದ ರೇಡಿಯೋ ಕೇಳಿಕೊಂಡೇ ಕಟ್ಟಿದ್ದು ಟೀಚರೇ. ಈ ಕೆಲಸಕ್ಕೆ ಕಿವಿ ಬೇಡವಲ್ಲ" ಎಂದರು. ಮಗಳು ಚಹಾ ತರಲು ಒಳಗೆ ಹೋದಾಗ ಸ್ವರ ತಗ್ಗಿಸಿದರು. "ಅವಳಿಗೆ ಆ ಫೋನಿನ ಕೆಲಸ ಆಗ್ತದಾ? ನನಗೆ ಬೀಡಿ ಆಯ್ತು, ಸಾಕು. ಅವಳ ಕೈಗೆ ಬೀಡಿಯೂ ಬೇಡ, ಗೇರುಬೀಜವೂ ಬೇಡ."

ಆಗಸ್ಟಿನಲ್ಲಿ ಮಗಳಿಗೆ ಸುಲಭವಾಗಿ ಹೇಳಿದ್ದ ಉತ್ತರ ತಾಯಿಯ ಎದುರು ಪುನಃ ಹೇಳಲು ಧೈರ್ಯ ಬರಲಿಲ್ಲ. ಪ್ರಯತ್ನ ಮಾಡುವ ಎಂದಷ್ಟೇ ಹೇಳಿ ಬಂದೆ.

ಸೋಮವಾರ ಕುರ್ಚಿ ಹತ್ತಿ ಗೋಡೆಯ ಹಾಳೆ ಕಿತ್ತೆ. ಅದನ್ನು ಅಂಟಿಸಿದ ಕೈಯಿಂದಲೇ ಕೀಳುವಾಗ ಸ್ವಲ್ಪ ಚುರುಕ್ ಎಂದಿತು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವಳ ಜಂಬವೂ ಅದರ ಜೊತೆ ಹೋಗಬೇಕಿತ್ತು. ಮಕ್ಕಳಿಗೆ ಹೊಸ ನಿಯಮ ಹೇಳಿದೆ. ಇನ್ನು ಮೇಲೆ ಪೆನ್ನು ಚೀಲದೊಳಗೆ. ಕೇಳುವಾಗ ಕೈಯಲ್ಲಿ ಏನಾದರೊಂದು ಕೆಲಸ ಇರಲೇಬೇಕು. ಕೇಳಿದ್ದನ್ನು ಸಂಜೆ ಮನೆಯ ಒಬ್ಬರಿಗೆ, ತುಳುವೋ ಕೊಂಕಣಿಯೋ ಬ್ಯಾರಿಯೋ ಕನ್ನಡವೋ, ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮರುದಿನ ಬರುವಾಗ ಆ ಮನೆಯವರು ಕೇಳಿದ ಒಂದು ಪ್ರಶ್ನೆ ತರಬೇಕು. ಅದಕ್ಕೆ ಉತ್ತರ ಹುಡುಕಲು ನಾವೆಲ್ಲ ಸೇರಿ ಮತ್ತೊಮ್ಮೆ ಕೇಳುವುದು, ಆಮೇಲೆ ಇಂಗ್ಲಿಷಿನಲ್ಲಿ ಮಾತಾಡುವುದು.

ಮೊದಲೆರಡು ದಿನ ಸಂತೆಯಾಯಿತು. ಒಬ್ಬಳು ಮಲ್ಲಿಗೆ ಮೊಗ್ಗು ಮತ್ತು ಬಾಳೆನಾರು ತಂದಳು, ಇನ್ನೊಬ್ಬಳು ಕ್ರೋಶಾ ಕಡ್ಡಿ. ಹುಡುಗರಿಗೆ ಏನು ತರುವುದೆಂದೇ ತಿಳಿಯಲಿಲ್ಲ. ಕೊನೆಗೆ ಹಾಸ್ಟೆಲಿನಲ್ಲಿದ್ದ ಗದಗ ಕಡೆಯ ಹುಡುಗನೊಬ್ಬ ಮೆಸ್ಸಿನಿಂದ ಸಾಂಬಾರಿಗೆ ಮುರಿಯುವ ಒಂದು ಬುಟ್ಟಿ ಅಲಸಂಡೆ ಕೋಡು ಹೊತ್ತು ತಂದ. ಅವನಿಗೆ ಇಲ್ಲಿ ಮನೆಯಿಲ್ಲ, ಹಾಗಾಗಿ ಅಡುಗೆಯವರಿಗೇ ಕತೆ ಹೇಳುತ್ತಿದ್ದ. ಅಡುಗೆಯವರು ಬೇಕರಿಯವಳ ಬಗ್ಗೆ ಕಳಿಸಿದ ಪ್ರಶ್ನೆ: "ಆಕೆ ಹಿಟ್ಟು ನಾದಿದ್ದು ಕೈಯಲ್ಲೋ, ಮಿಷನ್ನಿನಲ್ಲೋ?" ಇದು ನನಗೂ ಗೊತ್ತಿರಲಿಲ್ಲ. ಎರಡು ಸಲ ಕೇಳಿದೆವು. ಕೈಯಲ್ಲೇ ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಆ ಹಿಂದಿನ ಬೆಂಚಿನವನು.

ಅಷ್ಟರಲ್ಲಿ ಪ್ರಾಂಶುಪಾಲರಿಗೆ ಸುದ್ದಿ ಮುಟ್ಟಿತು.

"ಮೇಡಂ, ಇಂಗ್ಲಿಷ್ ಕ್ಲಾಸಲ್ಲಿ ತುಳು. ಅದೂ ಅಲಸಂಡೆ ಮುರಿದುಕೊಂಡು. ಯಾರಾದ್ರೂ ಬಂದು ನೋಡಿದ್ರೆ ನಾನು ಏನು ಹೇಳುವುದು ಮಾರಾಯ್ರೆ?"

"ಫೆಬ್ರುವರಿವರೆಗೆ ಬಿಡಿ ಸರ್. ಆಗದಿದ್ರೆ ಪುನಃ ವ್ಯಾಕರಣವೇ ಮಾಡ್ತೇನೆ."

ಒಂದು ದಿನ ಅವರೇ ಬಂದು ಹಿಂದೆ ಕೂತರು. ನಾನು ಪಾಠದ ನಡುವೆ ತಿರುಗಿ ನೋಡುವಾಗ ಅವರೂ ಅಲಸಂಡೆ ಮುರಿಯುತ್ತಿದ್ದರು. ಆಮೇಲೆ ಆ ವಿಷಯ ಎತ್ತಲಿಲ್ಲ. ದಾಖಲೆಗೆ ಒಂದು ಫೈಲ್ ಇಡಿ ಎಂದರು. ಮನೆಯವರ ಪ್ರಶ್ನೆಗಳನ್ನೇ ಬರೆದು ಫೈಲ್ ಮಾಡಿದೆ.

ನವೆಂಬರ್ ಡಿಸೆಂಬರಿನ ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಕೊನೆಯ ಪೀರಿಯಡ್ ಎಂದರೆ ಬಸ್ಸಿಗೆ ಓಡುವ ಮಕ್ಕಳು, ಈಗ ಬಸ್ಸು ಹೋದರೆ ಇನ್ನೊಂದುಂಟು ಎಂದು ಕೂರತೊಡಗಿದರು. ಪೊಳಲಿಯ ಅಜ್ಜಿಯೊಬ್ಬರು ದೀಪಸ್ತಂಭದ ಹೆಂಗಸಿಗೆ ಮಂಡಿನೋವಿನ ಎಣ್ಣೆ ಕಳಿಸಲು ವಿಳಾಸ ಕೇಳಿದರು. ಝೆರಾಕ್ಸ್ ಅಂಗಡಿಯವರು ಬಸ್ ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿ, ಮುಂದಿನ ಗೈಡ್ ಯಾವಾಗ ಎಂದು ವಿಚಾರಿಸಿದರು. ಹೊಸ ತುಂಡು ಕೇಳಿಸಿದರೆ ಮೊದಲ ಸಲಕ್ಕೇ ಮುಕ್ಕಾಲು ಮಕ್ಕಳು ವಿಷಯ ಹಿಡಿಯುತ್ತಿದ್ದರು.

ಆದರೆ ಜನವರಿಯಲ್ಲಿ ಮತ್ತೊಂದು ಹಳ್ಳಕ್ಕೆ ಬಿದ್ದೆವು. ಆಸ್ಪತ್ರೆಯ ಫಾರ್ಮಿನ ಹಳೆಯ ಮಾದರಿಯೊಂದು ಸಿಕ್ಕಿತು. ಅದರಲ್ಲಿ ಹೆಸರು, ಊರು, ಫೋನ್ ನಂಬರು, ದಿನ, ಹೊತ್ತು. ನಾವು ನಾಲ್ಕು ತಿಂಗಳು ಪೆನ್ನಿಲ್ಲದೆ ಕತೆ ಕೇಳಿದ್ದೆವು, ಅಂಕೆಗಳನ್ನು ಹಿಡಿಯುವುದನ್ನು ಕಲಿತೇ ಇರಲಿಲ್ಲ. ಅದೂ ಜನ ಫೋನ್ ನಂಬರು ಹೇಳುವ ವೇಗ ಎಂದರೆ! ಪೆನ್ನುಗಳನ್ನು ಪುನಃ ಹೊರಗೆ ತೆಗೆಸಿದೆ. ದಿನಾ ಹತ್ತು ನಿಮಿಷ ಬರೀ ನಂಬರು. ಸ್ಟಾಫ್ ರೂಮಿನವರೆಲ್ಲರ ಸ್ವರದಲ್ಲಿ ರೆಕಾರ್ಡ್ ಮಾಡಿ, ಸುಳ್ಳು ನಂಬರುಗಳನ್ನು ಕೇಳಿಸಿದೆ. ಉಳಿದವರು ಹಿಡಿದರು. ವೇಣೂರಿನ ಹುಡುಗಿಗೆ ಮಾತ್ರ ಹತ್ತು ಅಂಕೆಯಲ್ಲಿ ಎರಡು ಹಾರಿಹೋಗುತ್ತಿತ್ತು. ಹಾರಿದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ನಾನು ಕಾಳಜಿಯಿಂದಲೇ ಗದರುತ್ತಿದ್ದೆ.

ಫೆಬ್ರುವರಿಯಲ್ಲಿ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಮಂಗಳೂರಿಗೆ ಹೋದೆ. ಮೊದಲೆರಡು ಸುತ್ತು ಹನ್ನೊಂದೂ ಜನ ದಾಟಿದರು. ಮೂರನೆಯದಕ್ಕೆ ಒಳಗೆ ಹೋದರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದೆ. ಹತ್ತು ನಿಮಿಷದಲ್ಲಿ ಎಲ್ಲರೂ ಹೊರಬಂದರು. ಕೆಲವರು ಹೆಬ್ಬೆರಳು ಎತ್ತಿದರು. ವೇಣೂರಿನವಳು ನನ್ನ ಮುಖ ನೋಡದೆ ಗೋಡೆಯ ಬದಿಗೆ ಹೋಗಿ ನಿಂತಳು.

ಅರ್ಧ ಗಂಟೆ ಕಳೆದು ಫೋನ್ ವಿಭಾಗದ ಮುಖ್ಯಸ್ಥೆ ಬಾಗಿಲು ತೆರೆದು ಅವಳೊಬ್ಬಳನ್ನೇ ಕರೆದರು. ನನ್ನನ್ನೂ ಕರೆದರು. ಮೇಜಿನ ಮೇಲೆ ಅವಳ ಫಾರ್ಮ್ ಇತ್ತು. ಹೆಸರು ಸರಿ, ಊರು ಸರಿ, ದಿನ ಸರಿ. ಫೋನ್ ನಂಬರಿನ ಜಾಗದಲ್ಲಿ ಎರಡು ಅಂಕೆಯ ಮನೆ ಖಾಲಿ. ನನ್ನ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಮುಖ್ಯಸ್ಥೆ ಬೆರಳಿಟ್ಟದ್ದು ಫಾರ್ಮಿನ ಕೆಳಗೆ, ಖಾಲಿ ಅಂಚಿನಲ್ಲಿ. ಅಲ್ಲಿ ಹುಡುಗಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದಿದ್ದಳು. ಇವರು ಹೆದರಿದ್ದಾರೆ. ದಯವಿಟ್ಟು ಇವರ ಮಗಳಿಗೂ ಫೋನ್ ಮಾಡಿ.

"ಹೆದರಿದ್ದಾರೆ ಅಂತ ಅವರು ರೆಕಾರ್ಡಿಂಗಿನಲ್ಲಿ ಹೇಳಲೇ ಇಲ್ಲವಲ್ಲ?" ಎಂದು ಮುಖ್ಯಸ್ಥೆ ಕೇಳಿದರು.

"ಬರಬೇಕಾದ ಹೊತ್ತನ್ನು ಮೂರು ಸಲ ಕೇಳಿದ್ರು ಮೇಡಂ. ಮೊದಲನೇ ಸಲವೇ ಅವರಿಗೆ ಗೊತ್ತಾಗಿತ್ತು. ಮಗಳು ಊರಲ್ಲಿಲ್ಲ ಅಂದ ಮೇಲೆ ಪುನಃ ಕೇಳಿದ್ರು."

ಮುಖ್ಯಸ್ಥೆ ಫಾರ್ಮನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಈ ರೆಕಾರ್ಡಿಂಗನ್ನು ನಾವು ತುಂಬ ಸಮಯದಿಂದ ಹಾಕ್ತಾ ಇದ್ದೇವೆ" ಎಂದರು. "ನಂಬರ್ ನಮ್ಮ ಫೋನಿನ ಸ್ಕ್ರೀನಲ್ಲೇ ಬರ್ತದೆ. ಇದು ಬರುವುದಿಲ್ಲ. ನೀವು ಜೂನಿನಿಂದ ಬನ್ನಿ."

ಹುಡುಗಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಉಳಿದ ಹತ್ತರಲ್ಲಿ ಐವರು ಆಯ್ಕೆಯಾದರು ಎಂಬುದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಮೆಟ್ಟಿಲ ಮೇಲೆ ಅವರ ಗದ್ದಲವೋ ಗದ್ದಲ.

ನಾನು ಎಷ್ಟಾದರೂ ಟೀಚರು. ಅಷ್ಟು ಸಂತೋಷದ ನಡುವೆಯೂ ಆ ಎರಡು ಖಾಲಿ ಮನೆ ಕಣ್ಣಿಗೆ ಚುಚ್ಚುತ್ತಿತ್ತು. ಮೆಟ್ಟಿಲಿಳಿಯುವಾಗ ಅವಳ ಕಿವಿ ಹಿಂಡಿ ಕೇಳಿಯೇಬಿಟ್ಟೆ.

"ಅಷ್ಟು ಸಲ ಅಭ್ಯಾಸ ಮಾಡಿಸಿದ್ದೇನೆ, ಆ ಎರಡು ಅಂಕೆ ಎಲ್ಲಿ ಹೋಯ್ತು ಹುಡುಗಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನಂಬರ್ ಹೇಳುವಾಗ ಅವರ ಸ್ವರ ನಡುಗಿತು ಮೇಡಂ. ಆಗ ನಾನು ಅಂಕೆ ಬಿಟ್ಟು ಅವರನ್ನೇ ಕೇಳಿಸಿಕೊಳ್ತಾ ಇದ್ದೆ."